ಕತ್ತಿಯ ಹಿಡಿ: ಮರ, ಎಣ್ಣೆ ಮತ್ತು ಕೈಗೆಲಸ

(ಕೃಷಿಕರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಮಲೆನಾಡಿನ ಕೃಷಿಯ ಬಗೆಗೆ ಜನ ಸೇರಿದಾಗಲೆಲ್ಲ ಅಡಿಕೆಯ ಧಾರಣೆ, ಕೊಳೆರೋಗ, ಎಲೆಚುಕ್ಕಿ, ಮಂಗಗಳ ಹಾವಳಿ, ಸೊಪ್ಪಿನಬೆಟ್ಟದ ಹಕ್ಕು ಇವೇ ಚರ್ಚೆಯ ವಸ್ತುಗಳಾಗುತ್ತವೆ. ಅದು ಸಹಜವೂ ಹೌದು. ಆದರೆ ಬೆಳಗ್ಗೆ ಕೊಟ್ಟಿಗೆಗೆ ಸೊಪ್ಪು ತರುವಲ್ಲಿಂದ ಸಂಜೆ ಬೇಲಿ ಕಟ್ಟುವವರೆಗೆ ರೈತನ ಸೊಂಟದ ಕೊಕ್ಕೆಯಲ್ಲಿಯೋ ಕೈಯಲ್ಲಿಯೋ ಇರುವ ಕತ್ತಿಯ ಮಾತು ಯಾವ ಸಭೆಯಲ್ಲೂ ಬರುವುದಿಲ್ಲ. ಬಂದರೂ ಅಲಗಿನ ಹರಿತದ ಬಗ್ಗೆ ಬಂದೀತು. ಹಿಡಿಯ ಬಗ್ಗೆ ಬರುವುದಿಲ್ಲ. ಅಲಗು ತಾಗುವುದು ಸೊಪ್ಪಿಗೆ, ಬಿದಿರಿಗೆ. ಮನುಷ್ಯನ ಚರ್ಮಕ್ಕೆ ದಿನವಿಡೀ ತಾಗಿಕೊಂಡಿರುವುದು ಹಿಡಿ. ಅಂಗೈಯಲ್ಲಿ ಏಳುವ ಗುಳ್ಳೆ, ಮಳೆಗಾಲದಲ್ಲಿ ಕೈಜಾರಿ ಆಗುವ ಗಾಯ, ಸಂಜೆಗೆ ಮಣಿಕಟ್ಟಿನಲ್ಲಿ ಕಾಣುವ ನೋವು ಇವುಗಳಲ್ಲಿ ಬಹುಪಾಲಿನ ಮೂಲ ಹಿಡಿಯಲ್ಲಿದೆ.

‘ಕೊಡಲಿಯ ಕಾವು ಕುಲಕ್ಕೆ ಮೃತ್ಯು’ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಮರದ ತುಂಡೇ ಕಬ್ಬಿಣದೊಡನೆ ಕೂಡಿಕೊಂಡು ತನ್ನ ಕುಲವನ್ನು ಕಡಿಸಿತೆಂಬ ಸಿಟ್ಟು ಅದರಲ್ಲಿದೆ. ಗಾದೆ ಹೇಳಹೊರಟದ್ದು ಮನೆಮುರುಕರ ವಿಷಯ. ಆದರೂ ಅದನ್ನು ಪದಶಃ ಹಿಡಿದು ನೋಡಿದರೆ ಇನ್ನೊಂದು ಸಂಗತಿ ಹೊಳೆಯುತ್ತದೆ. ಕಬ್ಬಿಣ ಎಂದೂ ಹಳ್ಳಿಯ ಹೊರಗಿನಿಂದ ಬಂದ ವಸ್ತು. ಇಂದು ಕುಲುಮೆಗೆ ಬರುವುದು ಬಹುಮಟ್ಟಿಗೆ ಹಳೆಯ ಲಾರಿಗಳ ಸ್ಪ್ರಿಂಗ್ ಪಟ್ಟಿ. ಅದನ್ನು ಕಾಯಿಸಿ, ಬಡಿದು, ಹದ ಕೊಡುವ ವಿದ್ಯೆ ಆಚಾರಿಯದು. ರೈತ ತಾನೇ ಆಯ್ದು, ತಾನೇ ಮಾಡಿಕೊಳ್ಳಬಲ್ಲ ಭಾಗ ಒಂದೇ, ಕಾವು ಅಥವಾ ಹಿಡಿ. ಆ ಒಂದು ಭಾಗವೂ ಈಗ ಅವನ ಕೈತಪ್ಪುತ್ತಿದೆ.

ಸಂತೆಯಲ್ಲಿ ಇಂದು ದೊರೆಯುವ ಕತ್ತಿಗಳನ್ನು ಗಮನಿಸಬೇಕು. ಕೆಲವಕ್ಕೆ ಪ್ಲಾಸ್ಟಿಕ್ ಹಿಡಿ. ಉಳಿದವಕ್ಕೆ ಯಾವುದೋ ಮೆದು ಮರವನ್ನು ಯಂತ್ರದಲ್ಲಿ ತಿರುವಿ, ಮೇಲೆ ಹೊಳೆಯುವ ವಾರ್ನಿಶ್ ಬಳಿದ ದುಂಡು ಹಿಡಿ. ಅಂಗಡಿಯಲ್ಲಿ ಅದು ಚೆಂದ ಕಾಣುತ್ತದೆ. ಮೊದಲ ಮಳೆಗಾಲದಲ್ಲಿ ಉಬ್ಬುತ್ತದೆ, ಮುಂದಿನ ಬೇಸಗೆಯಲ್ಲಿ ಸೀಳುತ್ತದೆ, ಅಲಗು ಗಡಗಡ ಅಲುಗತೊಡಗುತ್ತದೆ. ಅಲುಗುವ ಅಲಗಿಗೆ ಸೈಕಲ್ ಟ್ಯೂಬು ಸುತ್ತಿಕೊಂಡು ಕೆಲಸ ಮಾಡುವವರು ಊರೂರಲ್ಲಿ ಇದ್ದಾರೆ. ಕೊನೆಗೆ ಒಳ್ಳೆಯ ಅಲಗುಳ್ಳ ಕತ್ತಿಯೇ ಮೂಲೆ ಸೇರಿ ಹೊಸತು ಬರುತ್ತದೆ. ಇದು ಅಲ್ಪ ಸಂಗತಿಯೆಂದು ತಳ್ಳಿಹಾಕುವಂತಿಲ್ಲ. ಅಡಿಕೆ ಮರದ ತುದಿಯಲ್ಲಿ ಒಂದು ಕೈಯಲ್ಲಿ ಮರವನ್ನು ತಬ್ಬಿ ಇನ್ನೊಂದು ಕೈಯಲ್ಲಿ ಕೊನೆ ಕೊಯ್ಯುವವನಿಗೆ ಅಲುಗುವ ಹಿಡಿಯೆಂಬುದು ಜೀವದ ಪ್ರಶ್ನೆ. ಈಚಿನ ವರ್ಷಗಳಲ್ಲಿ ಕಾರ್ಬನ್ ಫೈಬರ್ ದೋಟಿ ಬಂದು ಮರ ಹತ್ತುವ ಕೆಲಸ ಕಡಿಮೆಯಾಗಿರುವುದು ನಿಜ, ಸಂತೋಷವೂ ಹೌದು. ಆದರೆ ದೋಟಿ ಬಂದ ಮನೆಯಲ್ಲೂ ಕತ್ತಿಯ ಕೆಲಸ ನಿಂತಿಲ್ಲ.

ಹಿಡಿ ಸೀಳುವುದೇಕೆ? ಇದು ಮರದ ಗುಣಕ್ಕೂ ಮಲೆನಾಡಿನ ಹವೆಗೂ ಇರುವ ಸಂಬಂಧ. ಕಡಿದ ಮರ ಒಣಗಿದ ಮೇಲೂ ಗಾಳಿಯ ತೇವವನ್ನು ಹೀರುತ್ತ, ಬಿಡುತ್ತ ಇರುತ್ತದೆ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇ. 90ರಷ್ಟಿದ್ದರೆ ಮರದಲ್ಲಿ ಅದರ ಒಣತೂಕದ ಸುಮಾರು ಶೇ. 20ರಷ್ಟು ನೀರು ನಿಲ್ಲುತ್ತದೆ. ಆರ್ದ್ರತೆ ಶೇ. 50ಕ್ಕೆ ಇಳಿದರೆ ಅದೇ ಮರದಲ್ಲಿ ಸುಮಾರು ಶೇ. 9ರಷ್ಟು ಉಳಿಯುತ್ತದೆ. ವರ್ಷಕ್ಕೆ 7,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಆಗುಂಬೆಯಂತಹ ಊರಿನಲ್ಲಿ ಆಷಾಢದ ಮರಕ್ಕೂ ಮಾಘದ ಮರಕ್ಕೂ ಇಷ್ಟು ಅಂತರ. ನೀರು ಬಿಟ್ಟಾಗ ಮರ ಕುಗ್ಗುವುದು ಎಲ್ಲ ದಿಕ್ಕಿಗೂ ಸಮವಾಗಿ ಅಲ್ಲ. ಉದ್ದಕ್ಕೆ ಕುಗ್ಗುವುದು ಅತ್ಯಲ್ಪ. ಮರದ ಉಂಗುರಗಳ ಗುಂಟ ಕುಗ್ಗುವುದು, ತಿರುಳಿನಿಂದ ತೊಗಟೆಯ ಕಡೆಗೆ ಕುಗ್ಗುವುದರ ಸುಮಾರು ಎರಡು ಪಟ್ಟು. ಈ ಅಸಮತೆಯೇ ಸೀಳಿಗೆ ಮೂಲ. 30 ಮಿಲಿಮೀಟರ್ ಅಗಲದ ಸಾಮಾನ್ಯ ಗಟ್ಟಿಮರದ ಹಿಡಿಯೊಂದು ಮಳೆಗಾಲದಿಂದ ಬೇಸಗೆಗೆ ಬರುವಾಗ ಒಂದು ಮಿಲಿಮೀಟರಿನ ಹತ್ತಿರ ಹತ್ತಿರ ಕುಗ್ಗಬಲ್ಲುದು. ಒಳಗೆ ಕೂತ ಕಬ್ಬಿಣ ಕುಗ್ಗುವುದಿಲ್ಲ. ಆಗ ಮರ ಸೀಳದೆ ಬೇರೆ ದಾರಿಯಿಲ್ಲ. ತೇಗ ಇದರಲ್ಲಿ ಕಡಿಮೆ ಕುಗ್ಗುವ ಮರ. ಬಾಗಿಲು ಕಿಟಕಿಗಳಿಗೆ ಅದನ್ನು ಜನ ಇಷ್ಟಪಟ್ಟದ್ದು ಸುಮ್ಮನೆ ಅಲ್ಲ.

ವಾರ್ನಿಶ್ ಇದನ್ನು ತಡೆಯುವುದಿಲ್ಲವೇ ಎಂದು ವಿದ್ಯಾರ್ಥಿಗಳು ಕೇಳಬಹುದು. ವಾರ್ನಿಶ್ ತೇವದ ಓಡಾಟವನ್ನು ನಿಧಾನಿಸುತ್ತದೆ, ನಿಲ್ಲಿಸುವುದಿಲ್ಲ. ಕತ್ತಿ ಕಲ್ಲಿಗೆ ತಾಗಿ, ಕೊಕ್ಕೆಗೆ ಉಜ್ಜಿ, ಆ ಪೊರೆ ಒಂದು ಕಡೆ ಎದ್ದರೆ ಸಾಕು. ನೀರು ಅಲ್ಲಿಂದ ಒಳಹೊಕ್ಕು, ಉಳಿದ ಪೊರೆಯ ಅಡಿಯಲ್ಲಿ ಸಿಕ್ಕಿಕೊಂಡು ಒಣಗಲಾರದೆ ನಿಲ್ಲುತ್ತದೆ. ವಾರ್ನಿಶಿನ ಅಡಿಯಲ್ಲಿ ಕಪ್ಪಾಗಿ ಕುಂಬಾದ ಮರ ಎಲ್ಲರೂ ಕಂಡದ್ದೇ. ಮೇಲಾಗಿ ಬೆವರಿದ ಕೈಗೆ ಆ ನುಣುಪು ಜಾರುತ್ತದೆ. ಜಾರದಂತೆ ಬಿಗಿಯಾಗಿ ಹಿಡಿದರೆ ಗುಳ್ಳೆ ಏಳುತ್ತದೆ. ಕೆಲಸದ ಕತ್ತಿಗೆ ವಾರ್ನಿಶ್ ಬಳಿಯುವುದು ಅಂಗಡಿಯವನ ಅನುಕೂಲ, ಬಳಸುವವನ ಅನುಕೂಲವಲ್ಲ.

ಇನ್ನು ಮರದ ಆಯ್ಕೆ. ಹಿಡಿಗೆ ಗಟ್ಟಿತನ ಒಂದೇ ಸಾಲದು. ಪೆಟ್ಟನ್ನು ತಾಳಿಕೊಂಡು ಬಳುಕಿ ಮರಳುವ ಜಿಗುಟುತನವೂ ಬೇಕು. ಕೊಡಲಿ, ಗುದ್ದಲಿಗಳ ಕಾವಿಗೆ ಹಿಂದಿನವರು ದಡಸಲನ್ನು ಹುಡುಕಿ ತರುತ್ತಿದ್ದುದು ಇದೇ ಕಾರಣಕ್ಕೆ. ಅದರ ತೊಗಟೆಯ ನಾರಿನಂತೆಯೇ ಮರದ ಎಳೆಯೂ ಜಿಗುಟು. ದಿಂಡಿಗವೂ ಅದೇ ಜಾತಿಯ ಗುಣದ್ದು. ಅದು ಗಾಡಿಯ ಅಚ್ಚಿಗೂ ಬಳಕೆಯಾಗುತ್ತಿದ್ದ ಮರ. ಬಯಲುಸೀಮೆಯವರಿಗೆ ಕರಿಜಾಲಿ ಇತ್ತು. ಆದರೆ ಚಿಕ್ಕ ಕತ್ತಿಯ ಹಿಡಿಗೆ ಕಾಡಿಗೆ ಹೋಗಬೇಕಾಗಿಯೇ ಇಲ್ಲ. ಹಿತ್ತಿಲಿನ ಪೇರಲೆಯ ಬಲಿತ ಕೊಂಬೆ, ಹುಣಸೆಯ ಕಪ್ಪು ಕೆಚ್ಚು, ಗಾಳಿಗೆ ಬಿದ್ದ ಹಲಸಿನ ಒಳಮರ ಇವೆಲ್ಲ ಯೋಗ್ಯವೇ. ಹಲಸು ತುಸು ಮೆದುವಾದರೂ ಅಡುಗೆಮನೆಯ ಕತ್ತಿಗೆ ಧಾರಾಳ ಸಾಕು, ಹಳದಿ ಬಣ್ಣ ವರ್ಷಗಳು ಕಳೆದಂತೆ ಕಂದಾಗಿ ಮಾಗುತ್ತದೆ. ಕಾಫಿ ತೋಟಗಳಲ್ಲಿ ಹಳೆಯ ಗಿಡ ಕಿತ್ತಾಗ ಬೊಡ್ಡೆಗಳೆಲ್ಲ ಒಲೆಗೆ ಹೋಗುತ್ತವೆ. ಕಾಫಿಯ ಮರ ನುಣುಪು ಎಳೆಯ, ಬಿಗಿಯಾದ, ಬಿಳಿಛಾಯೆಯ ಮರ. ಚಿಕ್ಕ ಹಿಡಿಗಳಿಗೆ ಅದಕ್ಕಿಂತ ಹಿತವಾದ ಮರ ತೋಟದಲ್ಲಿ ಮತ್ತೊಂದಿಲ್ಲ. ನೆರಳಿಗೆ ಬೆಳೆಸಿದ ಸಿಲ್ವರ್ ಓಕ್ ಮಾತ್ರ ಹಿಡಿಗೆ ಬೇಡ.

ಬೀಟೆಯ ಪ್ರಸ್ತಾಪ ಇಲ್ಲಿ ಬರಲೇಬೇಕು, ಏಕೆಂದರೆ ‘ಕತ್ತಿಗೆ ಬೀಟೆಯ ಹಿಡಿಯೇ ಹಿಡಿ’ ಎಂಬ ಪ್ರತಿಷ್ಠೆ ಇನ್ನೂ ಹೋಗಿಲ್ಲ. ಬೀಟೆ ಘನ ಮೀಟರಿಗೆ ಸುಮಾರು 850 ಕಿಲೋ ತೂಗುವ, ಸುಲಭವಾಗಿ ಮಿಸುಕದ, ತಿಕ್ಕಿದಷ್ಟೂ ಹೊಳೆಯುವ ಮರ, ನಿಜ. ಆದರೆ ಅದು ಬಲು ನಿಧಾನವಾಗಿ ಬೆಳೆಯುವ ಮರವೂ ಹೌದು. ಹಳೆಯ ಬೇರಿನಿಂದ ಕುಡಿ ಎದ್ದು ಮರವಾಗಿ ಕೆಚ್ಚು ಕಟ್ಟುವಷ್ಟರಲ್ಲಿ ಮನುಷ್ಯನ ಎರಡು ತಲೆಮಾರು ಕಳೆದಿರುತ್ತದೆ. ಸ್ವಂತ ಜಮೀನಿನಲ್ಲಿ ನಿಂತ ಬೀಟೆಯನ್ನು ಕಡಿಯಲೂ ಅರಣ್ಯ ಇಲಾಖೆಯ ಅನುಮತಿ ಬೇಕು. 2017ರ ಜನವರಿಯಿಂದ ಬೀಟೆಯ ಕುಲವಿಡೀ ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದವಾದ ‘ಸೈಟಿಸ್’ನ ಎರಡನೆಯ ಅನುಬಂಧದ ಹತೋಟಿಗೆ ಬಂದಿದೆ. ಹಳೆಯ ಮನೆಯ ಮುರಿದ ಮಂಚ, ಬಾಗಿಲುವಾಡದ ತುಂಡು ಸಿಕ್ಕರೆ ಅದರಿಂದ ಹಿಡಿ ಮಾಡಿಕೊಳ್ಳುವುದು ಸರಿ. ಒಂದು ಗೇಣಿನ ಹಿಡಿಗಾಗಿ ಹಸಿ ಬೀಟೆಗೆ ಕೊಡಲಿ ಇಡುವುದು ವಿವೇಕವಲ್ಲ. ಹಾಗೆಯೇ ಒಂದು ಕಾವಿಗಾಗಿ ಬೆಟ್ಟದ ಎಳೆಯ ದಡಸಲನ್ನು ಬುಡಸಮೇತ ಕಡಿಯುವ ರೂಢಿಯನ್ನೂ ಬಿಡಬೇಕು. ಸೊಪ್ಪು ಸವರುವಾಗ ಬಲಿತ ಕೊಂಬೆಯನ್ನೇ ಆಯ್ದು ತೆಗೆದಿರಿಸಿದರೆ ಮರವೂ ಉಳಿಯುತ್ತದೆ, ಕಾವೂ ದೊರೆಯುತ್ತದೆ.

ಅಕೇಶಿಯದ ಬಗೆಗೆ ಒಂದು ಮಾತು. ಆಸ್ಟ್ರೇಲಿಯಾ, ನ್ಯೂಗಿನಿ ಕಡೆಯ ಈ ಮರವನ್ನು 1980ರ ದಶಕದಿಂದೀಚೆಗೆ ಮಲೆನಾಡಿನ ಗುಡ್ಡಗಳಲ್ಲಿ ಏಕಜಾತಿ ನೆಡುತೋಪುಗಳಾಗಿ ಹಬ್ಬಿಸಿದ್ದನ್ನು ಪರಿಸರಾಸಕ್ತರು ವಿರೋಧಿಸುತ್ತಲೇ ಬಂದಿದ್ದಾರೆ. ಆ ವಿರೋಧಕ್ಕೆ ಸಕಾರಣಗಳಿವೆ. ಆದರೆ ನೆಡುತೋಪು ಬೇಡವೆನ್ನುವುದು ಬೇರೆ, ಕಡಿದು ಬಿದ್ದ ಮರವನ್ನು ಮುಟ್ಟಬಾರದೆನ್ನುವುದು ಬೇರೆ. ಬಲಿತ ಅಕೇಶಿಯದ ಕಂದು ಕೆಚ್ಚು ಹಿಡಿಗೆ ಬಹಳ ಚೆನ್ನಾಗಿ ಒದಗುತ್ತದೆ. ಪ್ರತಿ ಊರಿನಲ್ಲೂ ಸಿಗುತ್ತದೆ. ಕಾಡಿನ ಮರದ ಮೇಲಿನ ಭಾರವನ್ನು ಅದು ಹೊತ್ತುಕೊಳ್ಳುವುದಾದರೆ ಬೇಡವೆನ್ನಲು ಕಾರಣವಿಲ್ಲ. ಹೊರಗಿನ ಬಿಳಿಯ ಭಾಗವನ್ನು ಮಾತ್ರ ಪೂರ್ತಿ ಕೆತ್ತಿ ತೆಗೆಯಬೇಕು. ಕುಟ್ಟೆಹುಳು ಮೊದಲು ಹೊಕ್ಕುವುದೇ ಅಲ್ಲಿ.

ಕುಟ್ಟೆಯ ಮಾತು ಬಂದಾಗ ಅಮಾವಾಸ್ಯೆಯ ಲೆಕ್ಕವೂ ಬರುತ್ತದೆ. ಅಮಾವಾಸ್ಯೆಯ ಆಸುಪಾಸಿನಲ್ಲಿ ಕಡಿದ ಬಿದಿರಿಗೆ, ಮರಕ್ಕೆ ಕುಟ್ಟೆ ಹತ್ತುವುದಿಲ್ಲವೆಂದು ಹಿರಿಯರು ನಂಬಿದ್ದಾರೆ. ಹುಳುವಿಗೆ ಬೇಕಾದದ್ದು ಮರದೊಳಗಿನ ಪಿಷ್ಟ. ಆ ಪಿಷ್ಟದ ಏರಿಳಿತ ಚಂದ್ರನಿಗಿಂತ ಋತುವಿಗೆ, ಚಿಗುರುವ ಕಾಲಕ್ಕೆ ಹೆಚ್ಚು ಅಂಟಿಕೊಂಡಿದೆ. ಆದರೆ ಅದೇ ಹಿರಿಯರ ಇನ್ನೊಂದು ರೂಢಿ ವಿಜ್ಞಾನಕ್ಕೆ ಪೂರ್ತಿ ಒಪ್ಪಿಗೆಯಾದದ್ದು. ಕಡಿದ ಮರವನ್ನು ಕೆಲವು ವಾರ ಕೆರೆಯ ನೀರಿನಲ್ಲಿ ಮುಳುಗಿಸಿಟ್ಟರೆ ಸಕ್ಕರೆ, ಪಿಷ್ಟಗಳು ಬಹುಪಾಲು ಕರಗಿ, ಕೊಳೆತು ಹೋಗುತ್ತವೆ. ಬಳಿಕ ನೆರಳಿನಲ್ಲಿ ಒಣಗಿಸಬೇಕು, ಎರಡೂ ತುದಿಗಳಿಗೆ ಮೇಣವನ್ನೋ ಸಗಣಿಯನ್ನೋ ಮೆತ್ತಬೇಕು. ಮರ ತನ್ನ ತುದಿಯ ಕೊಯ್ತದಿಂದ ನೀರು ಬಿಡುವ ವೇಗ ಪಕ್ಕಗಳಿಗಿಂತ ಹಲವು ಪಟ್ಟು ಹೆಚ್ಚು. ತುದಿ ಬೇಗ ಒಣಗಿ ಕುಗ್ಗಿದರೆ ಸೀಳು ಅಲ್ಲಿಂದಲೇ ಹೊರಡುತ್ತದೆ. ಹಿಡಿಯ ತುಂಡುಗಳನ್ನು ಒಲೆಯ ಮೇಲಿನ ಅಟ್ಟದಲ್ಲಿ ಒಂದು ವರ್ಷ ಬಿಡುವ ಹಳೆಯ ಪದ್ಧತಿ ಅತ್ಯುತ್ತಮವಾದದ್ದು. ನಿಧಾನದ ಕಾವು, ಹೊಗೆ ಎರಡೂ ಅಲ್ಲಿ ಒದಗುತ್ತವೆ. ಗ್ಯಾಸಿನ ಒಲೆ ಬಂದ ಮನೆಗಳಲ್ಲಿ ಅಡಿಕೆ ಬೇಯಿಸುವ ಒಲೆಯ ಮೇಲ್ಗಡೆ ಜಾಗ ಮಾಡಿಕೊಳ್ಳಬಹುದು.

ಒಣಗಿದ ತುಂಡಿನಿಂದ ಹಿಡಿ ಕೆತ್ತುವಾಗ ಎಳೆ ಹಿಡಿಯ ಉದ್ದಕ್ಕೂ ನೇರವಾಗಿ ಓಡುವಂತೆ ನೋಡಿಕೊಳ್ಳಬೇಕು, ಗಂಟು ಇರಬಾರದು, ಮರದ ನಟ್ಟನಡುವಿನ ತಿರುಳು ಒಳಗೆ ಸೇರಬಾರದು. ಕೊಂಬೆಯನ್ನು ದುಂಡಗೆ ಇದ್ದಂತೆಯೇ ಹಿಡಿ ಮಾಡಿದರೆ ತಿರುಳು ನಡುವೆ ಉಳಿದು ಎಂದಾದರೊಂದು ದಿನ ಸೀಳುವುದು ಖಚಿತ. ತುಸು ದಪ್ಪ ಕೊಂಬೆಯನ್ನು ಉದ್ದಕ್ಕೆ ಸೀಳಿ ಅರ್ಧದಿಂದ ಒಂದು ಹಿಡಿ ತೆಗೆಯುವುದು ಕ್ರಮ.

ಅಲಗಿನ ಬಾಲವನ್ನು ಹಿಡಿಯಲ್ಲಿ ಕೂರಿಸುವ ಕೆಲಸ ಆಚಾರಿಯ ಕುಲುಮೆಯಲ್ಲೇ ಆಗುವುದು ವಾಡಿಕೆ. ಚಿಕ್ಕ ತೂತು ಕೊರೆದು, ಬಾಲವನ್ನು ಕೆಂಪಗೆ ಕಾಯಿಸಿ ಒಳಕ್ಕೆ ಇಳಿಸಿದರೆ ಮರ ಸುಟ್ಟು ಬಾಲದ ಆಕಾರಕ್ಕೆ ಸರಿಯಾದ ಗೂಡಾಗುತ್ತದೆ. ಕೆಲವು ಕಡೆ ಅರಗಿನ ಪುಡಿಗೆ ಇಟ್ಟಿಗೆಯ ಪುಡಿ ಬೆರೆಸಿ ತೂತಿಗೆ ತುಂಬಿ, ಬಿಸಿ ಬಾಲವನ್ನು ಒತ್ತುತ್ತಾರೆ. ಅರಗು ಕರಗಿ, ಆರಿ, ಕಲ್ಲಿನಂತೆ ಹಿಡಿಯುತ್ತದೆ. ಇದರ ಜಾಣ್ಮೆ ಗೊತ್ತಾಗುವುದು ಹತ್ತು ವರ್ಷದ ನಂತರ. ಹಿಡಿ ಸವೆದಾಗ ಮತ್ತೆ ಕಾಯಿಸಿದರೆ ಅರಗು ಮೆದುವಾಗಿ ಅಲಗು ಹೊರಬರುತ್ತದೆ, ಹೊಸ ಹಿಡಿಗೆ ಅದೇ ಅಲಗು ಸಾಗುತ್ತದೆ. ಈಗಿನ ಎರಡು ಟ್ಯೂಬಿನ ಅಂಟು ಗಟ್ಟಿಯೇನೋ ಹೌದು, ಆದರೆ ಬಿಡಿಸಲು ಹೋದರೆ ಮರವನ್ನು ಒಡೆದೇ ತೆಗೆಯಬೇಕಾಗುತ್ತದೆ. ಹುಣಸೆ, ಜಾಲಿ, ಮತ್ತಿಯಂತಹ ಒಗರುಳ್ಳ ಮರಗಳಲ್ಲಿ ಬಾಲದ ಸುತ್ತ ಕಪ್ಪು ಬಣ್ಣ ಇಳಿಯುವುದುಂಟು. ಕಬ್ಬಿಣವೂ ಒಗರಿನ ಟ್ಯಾನಿನ್ನೂ ತೇವದಲ್ಲಿ ಕೂಡಿದಾಗ ಆಗುವ ಕಪ್ಪು ಅದು. ಹಿಂದೆ ಬರೆಯುವ ಮಸಿಯನ್ನು ಮಾಡುತ್ತಿದ್ದುದೂ ಹೀಗೆಯೇ. ಕಪ್ಪು ಕಂಡಿತೆಂದರೆ ಒಳಗೆ ನೀರು ಹೋಗುತ್ತಿದೆಯೆಂದು ತಿಳಿಯಬೇಕು. ಹಿಡಿಯ ಬಾಯಿಗೆ ಬಿಗಿಯಾದ ಕಬ್ಬಿಣದ ಬಳೆ ತೊಡಿಸಿ, ಸಂದಿಗೆ ಅರಗು ಅಥವಾ ಮೇಣ ತುಂಬುವುದು ಇದಕ್ಕಾಗಿ.

ಆಕಾರದ ವಿಷಯದಲ್ಲಿ ಒಂದೇ ಅಳತೆ ಎಲ್ಲರಿಗೂ ಸಲ್ಲದು. ಯಂತ್ರದಲ್ಲಿ ತಿರುವಿದ ದುಂಡು ಹಿಡಿಯ ದೊಡ್ಡ ದೋಷವೆಂದರೆ ಕತ್ತಲೆಯಲ್ಲಿ ಅಥವಾ ಕಣ್ಣು ಬೇರೆಡೆ ಇದ್ದಾಗ ಅಲಗಿನ ಬಾಯಿ ಯಾವ ಕಡೆಗಿದೆಯೆಂದು ಕೈಗೆ ತಿಳಿಯದು. ಪೆಟ್ಟು ಓರೆಯಾಗಿ ಬಿದ್ದರೆ ಅಂಗೈಯಲ್ಲೇ ತಿರುಗುತ್ತದೆ. ಮೊಟ್ಟೆಯಾಕಾರದ ಹಿಡಿ ತಿರುಗುವುದಿಲ್ಲ. ಬಿಗಿಯಾಗಿ ಹಿಡಿದು ಮಾಡುವ ಕೆಲಸಗಳಿಗೆ ಹಿಡಿಯ ದಪ್ಪ ಸುಮಾರು 30ರಿಂದ 50 ಮಿಲಿಮೀಟರ್, ಉದ್ದ ಕನಿಷ್ಠ 100 ಮಿಲಿಮೀಟರ್ ಇರಬೇಕೆಂದು ಕೆಲಸದ ಸಲಕರಣೆಗಳ ಬಗ್ಗೆ ಅಧ್ಯಯನ ಮಾಡಿದವರು ಹೇಳುತ್ತಾರೆ. ಆ ಅಳತೆಯಲ್ಲಿ ಮೇಲಿನ ತುದಿ ಮಲೆನಾಡಿನ ಅನೇಕ ಕೈಗಳಿಗೆ ಅತಿಯಾಯಿತು. ಅದಕ್ಕಿಂತ ಸುಲಭದ ಪರೀಕ್ಷೆಯಿದೆ. ಹಿಡಿಯನ್ನು ಮುಷ್ಟಿಯಲ್ಲಿ ಹಿಡಿದಾಗ ಬೆರಳ ತುದಿಗಳು ಹೆಬ್ಬೆರಳಿನ ಬುಡದ ದಿಬ್ಬವನ್ನು ಹೆಚ್ಚುಕಡಿಮೆ ಮುಟ್ಟಬೇಕು. ಉಗುರು ಅಂಗೈಗೆ ಚುಚ್ಚಿದರೆ ಹಿಡಿ ಸಣ್ಣದು. ನಡುವೆ ಒಂದು ಬೆರಳಿಗಿಂತ ಹೆಚ್ಚು ಸಂದಿ ಉಳಿದರೆ ದಪ್ಪ. ಕತ್ತಿಗಳೆಲ್ಲ ಗಂಡಸರ ಕೈಯ ಅಳತೆಗೆ ತಯಾರಾಗುತ್ತವೆ. ಹುಲ್ಲು ಕೊಯ್ಯುವವರು, ಸೊಪ್ಪು ಕತ್ತರಿಸುವವರು, ಅಡುಗೆ ಮಾಡುವವರು ಬಹುಪಾಲು ಹೆಂಗಸರು. ಮನೆಯಲ್ಲಿ ಹಿಡಿ ಕೆತ್ತಿಕೊಳ್ಳುವುದರಿಂದ ಆಗುವ ಅತಿ ದೊಡ್ಡ ಲಾಭ ಇಲ್ಲಿದೆ. ಆಯಾ ಕೈಗೆ ಆಯಾ ಹಿಡಿ. ಅಮ್ಮನ ಕತ್ತಿಯನ್ನು ಅಮ್ಮನ ಕೈಗೆ ಕೊಟ್ಟು, ಅವರು ಹೇಳಿದ ಕಡೆ ಇನ್ನೊಂದು ಎಳೆ ಕೆತ್ತುವುದನ್ನು ಯಾವ ಕಾರ್ಖಾನೆಯೂ ಮಾಡಲಾರದು.

ಬಾಚಿ, ಉಳಿಗಳಿಂದ ಒರಟು ಆಕಾರ ಬಂದ ಮೇಲೆ ಅರದಿಂದ ಉಜ್ಜುತ್ತಾರೆ. ಆ ಬಳಿಕದ ಕೆಲಸಕ್ಕೆ ಇಂದು ಎಲ್ಲರೂ ಉಜ್ಜುಕಾಗದವನ್ನೋ ವಿದ್ಯುತ್ತಿನ ಚಕ್ರವನ್ನೋ ಹಿಡಿಯುತ್ತಾರೆ. ಹಿಂದಿನವರು ಗಾಜಿನ ಚೂರಿನ ಅಂಚಿನಿಂದ ಹೆರೆಯುತ್ತಿದ್ದರು. ದಪ್ಪ ಬಟ್ಟೆಯಲ್ಲಿ ಹಿಡಿದ ಗಾಜಿನ ಚೂರು ಎಳೆಯ ಓಟದ ದಿಕ್ಕಿಗೆ ಜಾರುತ್ತ, ಕೂದಲಿಗಿಂತ ತೆಳ್ಳಗಿನ ಸುರುಳಿಗಳನ್ನು ಎಬ್ಬಿಸುತ್ತದೆ. ಇದು ಬಡತನದ ಉಪಾಯವೆಂದು ಹಗುರ ಮಾಡಬಾರದು. ಉಜ್ಜುಕಾಗದ ಮರದ ಎಳೆಗಳನ್ನು ಹರಿದು ಹುಡಿ ಮಾಡುತ್ತದೆ, ಹರಿತವಾದ ಅಂಚು ಎಳೆಗಳನ್ನು ಸ್ವಚ್ಛವಾಗಿ ಕತ್ತರಿಸುತ್ತದೆ. ಹಾಗೆ ಕತ್ತರಿಸಿದ ಮೈ ನೀರು ತಾಗಿದಾಗ ಬೇಗ ಒರಟಾಗುವುದಿಲ್ಲ. ಮತ್ತೊಂದು ಲಾಭ ಶ್ವಾಸಕೋಶಕ್ಕೆ. ಮರದ ನುಣ್ಣನೆಯ ಹುಡಿಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1995ರಲ್ಲೇ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಬೀಟೆಯ ಹುಡಿಯಂತೂ ಹಲವರ ಚರ್ಮಕ್ಕೆ ತುರಿ ತರುತ್ತದೆ. ಹೆರೆದಾಗ ಏಳುವ ಸುರುಳಿ ಮೂಗಿಗೆ ಹೋಗುವುದಿಲ್ಲ. ಯಂತ್ರದಿಂದಲೇ ಉಜ್ಜುವವರು ಬಯಲಿನಲ್ಲಿ ಕುಳಿತು, ಮೂಗಿಗೆ ಬಿಗಿಯಾದ ಮುಖಗವಸು ಕಟ್ಟಿಕೊಳ್ಳಬೇಕು.

ಹೆರೆದ ಹಿಡಿಯನ್ನು ಒಮ್ಮೆ ಒದ್ದೆ ಬಟ್ಟೆಯಿಂದ ಒರೆಸಿ ಒಣಗಲು ಬಿಡಬೇಕು. ಮಲಗಿದ್ದ ಎಳೆಯ ತುದಿಗಳು ನೀರು ಕುಡಿದು ಎದ್ದು ನಿಲ್ಲುತ್ತವೆ, ಕೈಗೆ ಮುಳ್ಳುಮುಳ್ಳಾಗಿ ತಗಲುತ್ತವೆ. ಆಗ ಮತ್ತೆ ನಯವಾಗಿ ಉಜ್ಜಬೇಕು. ಎರಡು ಮೂರು ಬಾರಿ ಹೀಗೆ ಮಾಡಿದರೆ ಮುಂದೆ ಮಳೆಯಲ್ಲಿ ನೆನೆದರೂ ಹಿಡಿ ಒರಟಾಗದು. ಈ ಹಂತದ ಉಜ್ಜುವಿಕೆಗೆ ಕಾಡೇ ಒಂದು ಕಾಗದ ಕೊಟ್ಟಿದೆ, ಗರಗತ್ತಿ ಮರದ ಎಲೆ. ಅತ್ತಿ, ಆಲಗಳ ಬಳಗದ ಈ ಮರದ ಎಲೆಯ ಮೈತುಂಬ ಸಿಲಿಕಾಂಶದ ಸೂಕ್ಷ್ಮ ರೋಮಗಳಿವೆ. ಒಣಗಿದ ಎಲೆ ನುಣುಪು ಉಜ್ಜುಕಾಗದದ ಕೆಲಸವನ್ನೇ ಮಾಡುತ್ತದೆ. ಮರವನ್ನೂ ದಂತವನ್ನೂ ನಯಗೊಳಿಸಲು ಇದು ಹಿಂದಿನಿಂದ ಬಳಕೆಯಲ್ಲಿದ್ದ ಎಲೆ. ಚನ್ನಪಟ್ಟಣದ ಬೊಂಬೆ ಮಾಡುವವರು ಅರಗಿನ ಬಣ್ಣ ಹಚ್ಚಿದ ಮೇಲೆ ಹೊಳಪಿಗಾಗಿ ಕೇದಗೆಯ ಜಾತಿಯ ಎಲೆಯನ್ನು ಒತ್ತುವುದೂ ಇದೇ ವರ್ಗದ ತಿಳಿವಳಿಕೆ. ಕೊನೆಯಲ್ಲಿ ನುಣ್ಣನೆಯ ಹೊಳೆಗಲ್ಲಿನಿಂದಲೋ ಹಳೆಯ ಕೊಂಬಿನ ತುಂಡಿನಿಂದಲೋ ಹಿಡಿಯನ್ನು ಬಲವಾಗಿ ಒತ್ತಿ ತಿಕ್ಕಿದರೆ ಮೇಲ್ಪದರದ ಎಳೆಗಳು ಅದುಮಿಕೊಂಡು, ಏನನ್ನೂ ಬಳಿಯದೆಯೇ ಮಂದವಾದ ಹೊಳಪು ಬರುತ್ತದೆ. ಆದರೆ ಹೊಲದ ಕತ್ತಿಗೆ ಅತಿಯಾದ ನುಣುಪು ಬೇಡ. ಗರಗತ್ತಿ ಎಲೆಗೇ ನಿಲ್ಲಿಸುವುದು ಲೇಸು.

ಎಣ್ಣೆಯ ವಿಷಯದಲ್ಲಿ ಹೆಚ್ಚಿನವರಿಗೆ ಗೊಂದಲವಿದೆ. ಎಲ್ಲ ಎಣ್ಣೆಯೂ ಒಂದೇ ಅಲ್ಲ. ಕೆಲವು ಎಣ್ಣೆಗಳು ಗಾಳಿಯ ಆಮ್ಲಜನಕವನ್ನು ಹೀರಿಕೊಂಡು, ಅಣು ಅಣುವಿಗೆ ಹೆಣೆದುಕೊಂಡು ಗಟ್ಟಿಯಾಗುತ್ತವೆ. ನೀರಿನಂತೆ ಆವಿಯಾಗಿ ಒಣಗುವುದಲ್ಲ ಅದು. ಒಣಗಿದ ಮೇಲೆ ತೂಕ ಸ್ವಲ್ಪ ಹೆಚ್ಚೇ ಆಗಿರುತ್ತದೆ. ಈ ಗುಣವನ್ನು ಅಯೋಡಿನ್ ಮೌಲ್ಯದಿಂದ ಅಳೆಯುತ್ತಾರೆ. ಅಗಸೆ ಎಣ್ಣೆಯದು 170ಕ್ಕೂ ಹೆಚ್ಚು, ಕುಸುಬೆಯದು 140ರ ಆಸುಪಾಸು, ಹುಚ್ಚೆಳ್ಳಿನದು ಅದಕ್ಕಿಂತ ತುಸು ಕಡಿಮೆ. ಹರಳೆಣ್ಣೆಯದು 85ರ ಸುತ್ತಮುತ್ತ, ತೆಂಗಿನೆಣ್ಣೆಯದು ಹತ್ತರ ಆಚೀಚೆ. ಅಂದರೆ ಮನೆಮನೆಯಲ್ಲಿ ಹಿಡಿಗೆ ಸವರುವ ತೆಂಗಿನೆಣ್ಣೆ ಎಂದೂ ಗಟ್ಟಿಯಾಗದು. ಕೆಲವು ದಿನ ಇದ್ದು ತೊಳೆದುಹೋಗುತ್ತದೆ. ಅದರಿಂದ ಕೆಡುಕೇನೂ ಇಲ್ಲ, ಅಡುಗೆಮನೆಯ ಕತ್ತಿಗೆ ವಾರಕ್ಕೊಮ್ಮೆ ಒರೆಸುತ್ತಿದ್ದರೆ ಸಾಕು. ಮಳೆಗೆ ಒಡ್ಡುವ ಕತ್ತಿಗೆ ಬೇಕಾದದ್ದು ಅಗಸೆ ಎಣ್ಣೆ. ಉತ್ತರ ಕರ್ನಾಟಕದ ಹಿಂಗಾರಿ ಹೊಲಗಳಲ್ಲಿ ಬೆಳೆಯುವ ಅಗಸೆ ಮಲೆನಾಡಿನ ಹಿಡಿಗೆ ಬಂದು ಸೇರುವುದು ಒಳ್ಳೆಯ ಸಂಬಂಧವೇ.

ಹಚ್ಚುವ ಕ್ರಮ ಸರಳ, ತಾಳ್ಮೆ ಮಾತ್ರ ಬೇಕು. ತುಸು ಬೆಚ್ಚಗೆ ಮಾಡಿದ ಎಣ್ಣೆಯನ್ನು ಧಾರಾಳವಾಗಿ ಹಚ್ಚಿ, ಅರ್ಧ ಗಂಟೆ ಬಿಟ್ಟು, ಮರ ಕುಡಿಯದೆ ಉಳಿಸಿದ್ದನ್ನು ಪೂರ್ತಿ ಒರೆಸಿ ತೆಗೆಯಬೇಕು. ಇಲ್ಲಿಯೇ ಬಹುಮಂದಿ ಎಡವುವುದು. ದಪ್ಪಗೆ ಬಿಟ್ಟರೆ ಮೇಲೆ ಕೆನೆಗಟ್ಟಿ ಒಳಗೆ ಅಂಟಾಗಿ ಉಳಿಯುತ್ತದೆ. ಹಿಡಿಯ ಹಿಂತುದಿಗೆ ಎರಡು ಮೂರು ಪಟ್ಟು ಹೆಚ್ಚು ಎಣ್ಣೆ ಕುಡಿಸಬೇಕು, ಅದು ನೀರಿನ ಹೆಬ್ಬಾಗಿಲು. ಹಸಿ ಅಗಸೆ ಎಣ್ಣೆ ಒಂದು ಬಾರಿ ಒಣಗಲು ಹಲವು ದಿನ ಬೇಕು, ಮಳೆಗಾಲದಲ್ಲಿ ಇನ್ನೂ ಹೆಚ್ಚು. ಆದ್ದರಿಂದ ಈ ಕೆಲಸಕ್ಕೆ ಫೆಬ್ರುವರಿಯಿಂದ ಏಪ್ರಿಲ್‌ವರೆಗಿನ ಬಿಸಿಲೇ ಯೋಗ್ಯ. ಮೂರು ನಾಲ್ಕು ಬಾರಿ ಹಚ್ಚಿದ ಹಿಡಿ ಮುಂಗಾರಿಗೆ ಸಿದ್ಧವಾಗುತ್ತದೆ. ಪೇಂಟಿನ ಅಂಗಡಿಯಲ್ಲಿ ಸಿಗುವ ‘ಬೇಯಿಸಿದ’ ಅಗಸೆ ಎಣ್ಣೆ ಒಂದೆರಡು ದಿನದಲ್ಲಿ ಒಣಗುವುದು ಅದಕ್ಕೆ ಸೇರಿಸಿದ ಲೋಹದ ಲವಣಗಳಿಂದ. ಹಿಂದೆ ಇದಕ್ಕೆ ಸೀಸವನ್ನೂ ಬಳಸುತ್ತಿದ್ದರು. ಭಾರತದಲ್ಲಿ ಮನೆಬಳಕೆಯ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಪಾಲನ್ನು ಮೀರಬಾರದೆಂಬ ನಿಯಮ 2017ರ ನವೆಂಬರಿನಿಂದ ಜಾರಿಯಲ್ಲಿದೆ. ಆದರೂ ಅಡುಗೆಯ ಕತ್ತಿಗೆ ಗಾಣದ ಹಸಿ ಎಣ್ಣೆಯೇ ಇರಲಿ. ಕರಾವಳಿಯ ದೋಣಿಗಳಿಗೆ ಹಚ್ಚುವ ಗೇರುಬೀಜದ ಸಿಪ್ಪೆಯ ಎಣ್ಣೆ ಮರವನ್ನು ಗೆದ್ದಲಿನಿಂದ ಕಾಯುವುದು ನಿಜವಾದರೂ ಚರ್ಮವನ್ನು ಸುಟ್ಟು ಗುಳ್ಳೆ ಎಬ್ಬಿಸುತ್ತದೆ. ಕೈ ತಾಗುವ ಯಾವುದಕ್ಕೂ ಅದು ಸಲ್ಲದು.

ಎಚ್ಚರಿಕೆಯೊಂದನ್ನು ಒತ್ತಿ ಹೇಳಬೇಕು. ಅಗಸೆ ಎಣ್ಣೆ ಒಣಗುವಾಗ ಶಾಖ ಹುಟ್ಟುತ್ತದೆ. ಹಿಡಿಯ ಮೇಲೆ ಅದು ಗೊತ್ತಾಗದು. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆದರೆ ಶಾಖ ಹೊರಗೆ ಹೋಗಲಾರದೆ ಒಳಗೇ ಏರಿ, ಕಿಡಿಯಿಲ್ಲದೆ ತಾನಾಗಿ ಹೊತ್ತಿಕೊಳ್ಳಬಹುದು. ಹುಲ್ಲು, ದರಕು, ಅಡಿಕೆ ಸಿಪ್ಪೆ ತುಂಬಿದ ಕೊಟ್ಟಿಗೆಯಲ್ಲಿ ಇದರ ಪರಿಣಾಮ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಬಟ್ಟೆಯನ್ನು ಒಂಟಿಯಾಗಿ ಹರಡಿ ಬಯಲಿನಲ್ಲಿ ಒಣಹಾಕಬೇಕು, ಇಲ್ಲವೇ ನೀರಿನಲ್ಲಿ ಮುಳುಗಿಸಿಡಬೇಕು.

ಎಣ್ಣೆ ಒಣಗಿದ ಮೇಲೆ ಜೇನುಮೇಣ. ಒಂದು ಪಾಲು ಮೇಣಕ್ಕೆ ಮೂರು ನಾಲ್ಕು ಪಾಲು ಅಗಸೆ ಎಣ್ಣೆ ಸೇರಿಸಿ, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು ಕರಗಿಸಬೇಕು. ಮೇಣ ಕರಗಲು 65 ಡಿಗ್ರಿ ಸಾಕು, ನೇರ ಬೆಂಕಿ ಬೇಡ. ಆರಿದ ಮುಲಾಮನ್ನು ತೆಳ್ಳಗೆ ತಿಕ್ಕಿದರೆ ಹಿಡಿ ಒದ್ದೆ ಕೈಗೂ ಜಾರದೆ ಹಿತವಾಗಿ ಕೂರುತ್ತದೆ. ಹಿಂದೆ ಮೇಣಕ್ಕೆ ಕೊರತೆಯಿರಲಿಲ್ಲ. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ರೋಗ ದಕ್ಷಿಣ ಭಾರತದ ತುಡುವೆ ಜೇನಿನ ಕುಟುಂಬಗಳನ್ನು ನೆಲಕಚ್ಚಿಸಿದ ಮೇಲೆ ಅನೇಕ ಮನೆಗಳ ಪೆಟ್ಟಿಗೆಗಳು ಬರಿದಾದವು. ಮತ್ತೆ ಜೇನು ಸಾಕತೊಡಗಿದವರು ಹಳೆಯ ಎರಿಗಳನ್ನು ಎಸೆಯದೆ ಮೇಣ ಕಾಯಿಸಿಟ್ಟುಕೊಳ್ಳುವುದು ಒಳಿತು.

ಮರದ ಹಿಡಿಯಲ್ಲಿ ರೋಗಾಣು ನಿಲ್ಲುತ್ತದೆ, ಪ್ಲಾಸ್ಟಿಕ್ಕೇ ಶುಚಿ ಎಂಬ ಮಾತು ಪೇಟೆಯಲ್ಲಿ ಕೇಳಿಬರುತ್ತದೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಡೀನ್ ಕ್ಲೈವರ್ ಮತ್ತು ಸಂಗಡಿಗರು ತರಕಾರಿ ಹೆಚ್ಚುವ ಮಣೆಗಳ ಮೇಲೆ ಪ್ರಯೋಗ ನಡೆಸಿ 1994ರಲ್ಲಿ ಪ್ರಕಟಿಸಿದ ಫಲಿತಾಂಶ ಬೇರೆಯೇ ಇದೆ. ಮರದ ಮಣೆಯ ಮೇಲೆ ಬಿಟ್ಟ ಬ್ಯಾಕ್ಟೀರಿಯಾಗಳು ಬೇಗ ಕಡಿಮೆಯಾದವು, ಕತ್ತಿಯ ಗೀರು ಬಿದ್ದ ಪ್ಲಾಸ್ಟಿಕ್ಕಿನಲ್ಲಿ ಉಳಿದುಕೊಂಡವು. ಅದು ಮಣೆಯ ಪ್ರಯೋಗ, ಹಿಡಿಯದಲ್ಲ. ಅಷ್ಟರಮಟ್ಟಿಗೆ ಎಚ್ಚರದಿಂದ ಓದಬೇಕು. ತೊಳೆದ ಕತ್ತಿಯನ್ನು ನೀರಿನಲ್ಲಿ ನೆನೆಯಲು ಬಿಡದೆ ಕೂಡಲೇ ಒರೆಸಿ ಗಾಳಿಗೆ ಇಡುವುದು ಎರಡಕ್ಕೂ ಅಗತ್ಯ.

ವಿದ್ಯಾರ್ಥಿಗಳಿಗೆ ಒಂದು ಕೆಲಸ ಸೂಚಿಸಬಹುದು. ಒಂದೇ ಕೊಂಬೆಯಿಂದ ಒಂದೇ ಅಳತೆಯ ಮೂರು ತುಂಡುಗಳನ್ನು ಕತ್ತರಿಸಿ, ಒಂದಕ್ಕೆ ವಾರ್ನಿಶ್, ಒಂದಕ್ಕೆ ಅಗಸೆ ಎಣ್ಣೆ ಹಚ್ಚಿ, ಮೂರನೆಯದನ್ನು ಹಾಗೆಯೇ ಬಿಡಬೇಕು. ಏಪ್ರಿಲಿನಿಂದ ಆರಂಭಿಸಿ ಪ್ರತಿ ವಾರ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ ಬರೆದಿಡಬೇಕು. ಪೂರ್ತಿ ಒಣಗಿದಾಗ 200 ಗ್ರಾಂ ತೂಗುವ ತುಂಡು ಬೇಸಗೆಯಲ್ಲಿ 218ರ ಸುತ್ತಮುತ್ತ, ಜುಲೈ ತಿಂಗಳಲ್ಲಿ 240ರ ಹತ್ತಿರ ಬರುವ ಸಂಭವವಿದೆ. ಯಾವ ತುಂಡು ಎಷ್ಟು ಬೇಗ ನೀರು ಕುಡಿಯಿತು, ಯಾವುದು ಎಷ್ಟು ಬೇಗ ಬಿಟ್ಟಿತು ಎಂಬುದನ್ನು ದೀಪಾವಳಿಯ ಹೊತ್ತಿಗೆ ನಕ್ಷೆಯಲ್ಲಿ ಬಿಡಿಸಬಹುದು. ಎಣ್ಣೆಯ ತುಂಡೂ ನೀರು ಕುಡಿಯುತ್ತದೆ. ಎಣ್ಣೆ ಹಚ್ಚಿದರೆ ನೀರು ಒಳಗೆ ಹೋಗುವುದೇ ಇಲ್ಲವೆಂದು ಹೇಳುವವರನ್ನು ನಂಬಬಾರದು. ಪೊರೆ ಕಟ್ಟದ ಎಣ್ಣೆಯಲ್ಲಿ ಇರುವ ಅನುಕೂಲವೆಂದರೆ ಒಳಹೋದ ನೀರಿಗೆ ಹೊರಬರಲು ದಾರಿ ಇರುತ್ತದೆ, ಸವೆದಲ್ಲಿ ಮತ್ತೆ ಹಚ್ಚಲು ಹಳೆಯದನ್ನು ಕೆರೆಯಬೇಕಾಗಿಲ್ಲ.

ಹಿಡಿಯ ಆರೈಕೆಗೆ ಊರಿನ ಪಂಚಾಂಗದಲ್ಲೇ ದಿನವಿದೆ. ಆಯುಧಪೂಜೆ ಮಳೆಗಾಲದ ಕೊನೆಗೆ ಬರುತ್ತದೆ. ಅಂದು ಕತ್ತಿ, ಕುಡುಗೋಲು, ಗುದ್ದಲಿ, ಅಡಿಕೆ ಸುಲಿಯುವ ಮೆಟ್ಟುಗತ್ತಿಗಳನ್ನೆಲ್ಲ ತೊಳೆದು, ಕುಂಕುಮ ಹಚ್ಚಿ ಇಡುತ್ತಾರೆ. ತೊಳೆದ ನೀರು ಮತ್ತು ಹೂವಿನ ತೇವ ಹಿಡಿಯ ಬಾಯಲ್ಲಿ ರಾತ್ರಿಯಿಡೀ ನಿಲ್ಲುವುದರಿಂದ ಮರುದಿನವೇ ಅವನ್ನು ಬಿಸಿಲಿಗೆ ಇಡಬೇಕು. ಒಣಗಿದ ಮೇಲೆ ಬಳೆಯ ಸಂದಿಯಲ್ಲಿ ಕಪ್ಪು ಇಳಿದಿದೆಯೇ ನೋಡಿ, ಮೇಣ ತುಂಬಿ, ಮೈಗೆ ಒಂದು ಬಾರಿ ಎಣ್ಣೆ ಒರೆಸಿದರೆ ಸುಗ್ಗಿಯ ಕೆಲಸಕ್ಕೆ ಅಷ್ಟು ಸಾಕು. ಅಲುಗುವ ಹಿಡಿ ಕಂಡರೆ ಅದನ್ನು ಬೇರೆ ಇರಿಸಿ, ಅಟ್ಟದ ಮೇಲಿನ ಒಣತುಂಡುಗಳಲ್ಲಿ ಒಂದನ್ನು ಜೊತೆಗೆ ತೆಗೆದುಕೊಂಡು ಆಚಾರಿಯ ಬಳಿಗೆ ಹೋಗಬೇಕು. ಅಡಿಕೆ ಕೊಯ್ಲು ಶುರುವಾದ ಮೇಲೆ ಅವರ ಕುಲುಮೆಯ ಮುಂದೆ ಸಾಲು ಬೆಳೆದಿರುತ್ತದೆ.